ಭೂತಕಾಲದ ಆಲೋಚನೆ: ಇಂಗ್ಲಿಷ್ ವಾಕ್ಯದಲ್ಲಿ ಕಾಲಗಳ ಹೊಂದಾಣಿಕೆ

ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ‘ಐ ಥಾಟ್ ದಟ್ ಮೈ ಬ್ರದರ್ ಈಸ್ ಅಟ್ ಹೋಮ್’ ಎಂಬಂತಹ ವಾಕ್ಯಗಳು ಮೇಲಿಂದ ಮೇಲೆ ಕಾಣಸಿಗುತ್ತವೆ. ಇದನ್ನು ಅಜಾಗರೂಕತೆಯೆಂದು ಭಾವಿಸಿ ಕೆಂಪು ಗೆರೆ ಎಳೆದರೆ ದೋಷದ ಮೂಲ ಹಾಗೆಯೇ ಉಳಿಯುತ್ತದೆ. ವಿದ್ಯಾರ್ಥಿಯು ಇಲ್ಲಿ ತನ್ನ ಮಾತೃಭಾಷೆಯ ನಿಯಮವನ್ನೇ ಪಾಲಿಸಿರುತ್ತಾನೆ.

ಕನ್ನಡದಲ್ಲಿ ‘ಅಣ್ಣ ಮನೆಯಲ್ಲಿದ್ದಾನೆ ಎಂದು ಭಾವಿಸಿದೆ’ ಎನ್ನುತ್ತೇವೆ. ‘ಎಂದು’ ಎಂಬುದು ಅಂದಿನ ಆಲೋಚನೆಯನ್ನು ಅದು ಮನಸ್ಸಿನಲ್ಲಿ ಮೂಡಿದ ರೂಪದಲ್ಲಿಯೇ ಉಳಿಸುತ್ತದೆ. ತಮಿಳು, ಮಲಯಾಳಂ, ತೆಲುಗು, ಮರಾಠಿಗಳಲ್ಲಿಯೂ ರೂಢಿ ಹೀಗೆಯೇ ಇರುವುದರಿಂದ, ಗಡಿನಾಡಿನ ಮಗು ಕಲಿಯುವ ರಾಜ್ಯಭಾಷೆಯೂ ಈ ವಿಷಯದಲ್ಲಿ ನೆರವಾಗದು. ಇಂಗ್ಲಿಷಿನಲ್ಲಾದರೋ ಪ್ರಧಾನ ಕ್ರಿಯಾಪದವು ಭೂತಕಾಲದಲ್ಲಿದ್ದರೆ ಉಪವಾಕ್ಯದ ಕ್ರಿಯಾಪದವೂ ಸಾಮಾನ್ಯವಾಗಿ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.

ಬೋಧನೆಯನ್ನು ಕನ್ನಡ ವಾಕ್ಯದಿಂದಲೇ ಆರಂಭಿಸುವುದು ಸೂಕ್ತ. ‘ಎಂದು’ ಪದದ ಹಿಂದಿನ ಭಾಗಕ್ಕೆ ಕಪ್ಪುಹಲಗೆಯ ಮೇಲೆ ಅಡಿಗೆರೆ ಎಳೆದು, ಆಲೋಚಿಸಿದ ಗಳಿಗೆಗೆ ಆ ಸಂಗತಿಯು ಅದೇ ಸಮಯದ್ದೋ, ಮೊದಲಿನದೋ, ಮುಂದಿನದೋ ಎಂದು ಕೇಳಬೇಕು.

1. ಅದೇ ಸಮಯ: ‘ಅಣ್ಣ ಮನೆಯಲ್ಲಿದ್ದಾನೆ ಎಂದು ಭಾವಿಸಿದೆ.’ – ‘ಐ ಥಾಟ್ ದಟ್ ಮೈ ಬ್ರದರ್ ವಾಸ್ ಅಟ್ ಹೋಮ್.’ ‘ಈಸ್’ ಎಂಬುದು ‘ವಾಸ್’ ಆಯಿತು.

2. ಮೊದಲಿನದು: ‘ಬಸ್ಸು ಹೊರಟುಹೋಗಿದೆ ಎಂದುಕೊಂಡೆವು.’ – ‘ವಿ ಥಾಟ್ ದಟ್ ದ ಬಸ್ ಹ್ಯಾಡ್ ಲೆಫ್ಟ್.’ ‘ಹ್ಯಾಸ್’ ಎಂಬುದು ‘ಹ್ಯಾಡ್’ ಆಯಿತು.

3. ಮುಂದಿನದು: ‘ಮಳೆ ಬರುತ್ತದೆ ಎಂದುಕೊಂಡಳು.’ – ‘ಶಿ ಥಾಟ್ ದಟ್ ಇಟ್ ವುಡ್ ರೇನ್.’ ‘ವಿಲ್’ ಎಂಬುದು ‘ವುಡ್’ ಆಯಿತು.

ಇದಕ್ಕೊಂದು ಅಪವಾದವುಂಟು. ಆಲೋಚನೆಯ ವಿಷಯವು ಇಂದಿಗೂ ಸತ್ಯವಾಗಿದ್ದರೆ ವರ್ತಮಾನಕಾಲವನ್ನು ಉಳಿಸಿಕೊಳ್ಳಬಹುದು. ‘ಕೋಪರ್ನಿಕಸ್ ಬಿಲೀವ್ಡ್ ದಟ್ ದಿ ಅರ್ಥ್ ಮೂವ್ಸ್ ರೌಂಡ್ ದ ಸನ್’ ಎಂಬುದು ಸಾಧು. ಇಲ್ಲಿ ‘ಮೂವ್ಡ್’ ಎಂದರೂ ತಪ್ಪಲ್ಲ. ಆದರೆ ಭೂಮಿ ಚಪ್ಪಟೆಯಾಗಿದೆ ಎಂಬ ಹಳೆಯ ನಂಬಿಕೆಯನ್ನು ಹೇಳುವಾಗ ‘ದಿ ಅರ್ಥ್ ವಾಸ್ ಫ್ಲ್ಯಾಟ್’ ಎಂದೇ ಬರೆಯಬೇಕು. ‘ಈಸ್’ ಎಂದು ಬರೆದರೆ ಬರೆದವನೂ ಅದನ್ನು ಒಪ್ಪಿದಂತೆ ತೋರೀತು.

ಅನುವಾದದ ಅಭ್ಯಾಸದಲ್ಲಿ ಇದೇ ತೊಡಕು ತಿರುವುಮುರುವಾಗಿ ಬರುತ್ತದೆ. ‘ಐ ಥಾಟ್ ಯು ವರ್ ಇಲ್’ ಎಂಬುದನ್ನು ಮಗುವು ‘ನಿನಗೆ ಕಾಯಿಲೆಯಾಗಿತ್ತು ಎಂದುಕೊಂಡೆ’ ಎಂದು ಬರೆದರೆ, ಕಾಯಿಲೆಯು ಆಲೋಚನೆಗಿಂತ ಮೊದಲೇ ಕಳೆದುಹೋದ ಸಂಗತಿಯಾಗಿಬಿಡುತ್ತದೆ. ಸಾಮಾನ್ಯ ಸಂದರ್ಭದಲ್ಲಿ ‘ಕಾಯಿಲೆಯಾಗಿದೆ ಎಂದುಕೊಂಡೆ’ ಎಂಬುದೇ ಸರಿಯಾದ ಅನುವಾದ. ಹೀಗಾಗಿ ಈ ಪಾಠವು ಮಗುವಿನ ಕನ್ನಡವನ್ನೂ ಕಾಪಾಡುತ್ತದೆ.

ಮೌಲ್ಯಮಾಪನದಲ್ಲಿ ಇಂತಹ ತಪ್ಪುಗಳು ಐದಾರು ಕಂಡರೂ ಅವುಗಳ ಮೂಲ ಒಂದೇ ಎಂಬುದನ್ನು ಶಿಕ್ಷಕರು ಗಮನಿಸಬೇಕು. ಉತ್ತರವನ್ನು ತಿದ್ದಿಕೊಡುವ ಬದಲು ಅಂಚಿನಲ್ಲಿ ‘ಎಂದು?’ ಎಂದಷ್ಟೇ ಬರೆದರೆ, ಮಗುವು ಮೇಲಿನ ಪ್ರಶ್ನೆಯನ್ನು ಕೇಳಿಕೊಂಡು ವಾಕ್ಯವನ್ನು ತಾನೇ ಸರಿಪಡಿಸಿಕೊಳ್ಳಲು ಸಾಧ್ಯವಾಗುತ್ತದೆ.

ಅಭ್ಯಾಸ: ‘ಎಂದುಕೊಂಡೆ’ ಎಂದು ಮುಗಿಯುವ ಆರು ವಾಕ್ಯಗಳನ್ನು ಮಕ್ಕಳಿಂದಲೇ ಹೇಳಿಸಿ, ಮೂರು ಗುಂಪುಗಳಾಗಿ ವಿಂಗಡಿಸಿ, ಬಳಿಕ ಇಂಗ್ಲಿಷಿನಲ್ಲಿ ಬರೆಯಿಸಿರಿ.