ಮಂಡಿ ತರಚಿದರೆ ಮೊದಲು ನಲ್ಲಿ ನೀರು

ಸೈಕಲ್‌ನಿಂದ ಬಿದ್ದ ಮಗನ ಮಂಡಿಗೆ ಅತ್ತೆಯವರು ಕಾಫಿಪುಡಿ ಒತ್ತಿದ್ದಾರೆ, ಸರಿಯೇ ಎಂದು ಕೇಳಿದ್ದೀರಿ. ಅವರನ್ನು ದೂರಬೇಡಿ, ಪುಡಿ ಮೆತ್ತಿದರೆ ರಕ್ತ ನಿಂತಂತೆ ಕಾಣುವುದು ನಿಜ. ಆದರೆ ಅಡುಗೆಮನೆ ಡಬ್ಬಿಯ ಕಾಫಿಪುಡಿ, ಅರಿಶಿನ ಗಾಯಕ್ಕೆ ಹಾಕುವಷ್ಟು ಶುದ್ಧವಲ್ಲ. ರಸ್ತೆಯ ಮಣ್ಣೂ ಅದರಡಿಯಲ್ಲೇ ಉಳಿದುಬಿಡುತ್ತದೆ.

ಕೈ ತೊಳೆದುಕೊಂಡು ಗಾಯವನ್ನು ಹರಿಯುವ ನಲ್ಲಿ ನೀರಿಗೆ 5ರಿಂದ 10 ನಿಮಿಷ ಹಿಡಿಯಿರಿ. ಸೋಪು ಸುತ್ತಲಿನ ಚರ್ಮಕ್ಕೆ ಮಾತ್ರ. ಅಂಟಿಕೊಂಡ ಮರಳನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ ತೆಗೆಯಿರಿ. ಮಗು ಅತ್ತರೂ ಇದನ್ನು ಬಿಡಬೇಡಿ, ಒಳಗುಳಿದ ಕಣ ಚರ್ಮದಲ್ಲಿ ಕಪ್ಪು ಕಲೆಯಾಗಿ ಶಾಶ್ವತವಾಗಿ ನಿಲ್ಲಬಹುದು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ. ಉರಿಯ ಜೊತೆಗೆ ಹೊಸದಾಗಿ ಬೆಳೆಯುವ ಜೀವಕೋಶಗಳನ್ನೂ ಸುಡುತ್ತವೆ.

‘ಗಾಳಿಗೆ ಬಿಡು, ಒಣಗಲಿ’ ಎನ್ನುವ ಮಾತು ಎಲ್ಲ ಮನೆಗಳಲ್ಲೂ ಇದೆ. ಆದರೆ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಬೇಗ ಹರಡುತ್ತದೆ ಎಂದು ಸಂಶೋಧಕ ಜಾರ್ಜ್ ವಿಂಟರ್ 1962ರಲ್ಲೇ ಹಂದಿಗಳ ಮೇಲಿನ ಪ್ರಯೋಗದಲ್ಲಿ ತೋರಿಸಿದ್ದರು. ಹಾಗಾಗಿ ತೆಳುವಾಗಿ ವ್ಯಾಸಲೀನ್ ಸವರಿ, ಬ್ಯಾಂಡೇಜ್ ಹಾಕಿ, ದಿನಕ್ಕೊಮ್ಮೆ ಬದಲಿಸಿ. ಹಕ್ಕಳೆ ಕೀಳಲು ಬಿಡಬೇಡಿ.

ಪ್ರತಿ ಗಾಯಕ್ಕೂ ಟಿಟಿ ಇಂಜೆಕ್ಷನ್ ಬೇಕಿಲ್ಲ. ಲಸಿಕೆಗಳೆಲ್ಲ ಪೂರ್ತಿಯಾಗಿದ್ದು, ಮಣ್ಣು ಸೇರಿದ ಗಾಯವಾದರೆ, ಕೊನೆಯ ಡೋಸ್ ಆಗಿ 5 ವರ್ಷ ದಾಟಿದೆಯೇ ಎಂದು ತಾಯಿ ಕಾರ್ಡಿನಲ್ಲಿ ನೋಡಿ.

ಕೆಂಪು ಹರಡಿದರೆ, ಕೀವು, ಜ್ವರ ಬಂದರೆ, ನೋವು ದಿನೇ ದಿನೇ ಹೆಚ್ಚಿದರೆ ವೈದ್ಯರಿಗೆ ತೋರಿಸಿ. ನಾಯಿ ಪರಚಿದ ಗಾಯವಾದರೆ ಮಾತ್ರ ಕಾಯಲೇಬೇಡಿ: ಸೋಪು ಹಾಕಿ 15 ನಿಮಿಷ ತೊಳೆದು, ಅಂದೇ ರೇಬೀಸ್ ಲಸಿಕೆಗೆ ಆಸ್ಪತ್ರೆಗೆ ಹೋಗಿ.