ಪಿಕಪ್ ಬದಲಿಸೋ ಮುಂಚೆ ಒಂದ್ನಿಮಿಷ

ಬಾಗಲಗುಂಟೆಯ ನಮ್ಮ ಬಾಡಿಗೆ ರೂಮಿನಲ್ಲಿ ಎರಡು ಎಲೆಕ್ಟ್ರಿಕ್ ಗಿಟಾರ್‌ಗಳಿವೆ. ಒಂದು ಸ್ಟ್ರಾಟ್ ಮಾದರಿಯದು, ಸೆಕೆಂಡ್ ಹ್ಯಾಂಡ್, ಮೂರು ಸಿಂಗಲ್ ಕಾಯಿಲ್ ಪಿಕಪ್. ಇನ್ನೊಂದು ಲೆಸ್ ಪಾಲ್ ಮಾದರಿಯದು, ಎರಡು ಹಂಬಕರ್. ಎರಡನೆಯದು ದಪ್ಪಗೆ, ಶಾಂತವಾಗಿ ನುಡಿಯುತ್ತೆ. ಮೊದಲನೆಯದನ್ನು ಆಂಪ್‌ಗೆ ಸಿಕ್ಕಿಸಿದರೆ ಸಾಕು, ಜೀರುಂಡೆ ಹೊಕ್ಕ ಹಾಗೆ 'ಗುಂಯ್' ಅನ್ನುತ್ತೆ. ಅದರ ಒಡೆಯ, ನಮ್ಮ ರೂಮ್‌ಮೇಟ್, ಪರೀಕ್ಷಾ ಶುಲ್ಕಕ್ಕೆ ಅಂತ ಮನೆಯಿಂದ ಬಂದ ದುಡ್ಡಿನಲ್ಲಿ ಹೊಸ ಪಿಕಪ್ ತರಿಸೋಕೆ ಹೊರಟಿದ್ದ. "ಒಂದು ವಾರ ತಡಿ ಮಾರಾಯ" ಅಂದೆವು. ಆ ವಾರದಲ್ಲಿ ಕಲಿತದ್ದೇ ಈ ಪಾಠ.

ಪಿಕಪ್ ಒಳಗೆ ಏನಿದೆ?

ಪೀಣ್ಯದ ಕಡೆ ಮೋಟಾರ್ ರಿವೈಂಡಿಂಗ್ ನೋಡಿದವರಿಗೆ ಪಿಕಪ್ ಹೊಸದಲ್ಲ. ಅಯಸ್ಕಾಂತದ ಸುತ್ತ ಕೂದಲಿನಷ್ಟು ಸಣ್ಣ, ಸುಮಾರು 0.06 ಮಿ.ಮೀ. ದಪ್ಪದ ತಾಮ್ರದ ತಂತಿ, ಹೆಚ್ಚುಕಡಿಮೆ 8,000 ಸುತ್ತು. ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ. ನಾವೆಲ್ಲ ಪಿಯುಸಿಯಲ್ಲಿ ಓದಿದ ಫ್ಯಾರಡೆ ನಿಯಮವೇ ಇದು.

ಸುರುಳಿ ಅಂದಮೇಲೆ ಇಂಡಕ್ಟೆನ್ಸ್ ಇರಲೇಬೇಕು. ಜೊತೆಗೆ ಗಿಟಾರ್‌ನಿಂದ ಆಂಪ್‌ಗೆ ಹೋಗುವ ಕೇಬಲ್‌ಗೆ ಕೆಪಾಸಿಟೆನ್ಸ್ ಇದೆ. ಎರಡೂ ಸೇರಿ ಲೋ ಪಾಸ್ ಫಿಲ್ಟರ್ ಆಗುತ್ತೆ. ಅನುರಣನದ ಆವೃತ್ತಿಯ ಬಳಿ ಸದ್ದು ಉಬ್ಬಿ, ಅದರಾಚೆ ಇಳಿದುಬಿಡುತ್ತೆ. ಆ ಉಬ್ಬು ಎಲ್ಲಿದೆ ಅನ್ನೋದರ ಮೇಲೇ ಟೋನ್‌ನ ಬಹುಪಾಲು ನಿಂತಿದೆ.

ಲೆಕ್ಕ ಹಾಕೋಣ. ಕೇಬಲ್ ಮೀಟರ್‌ಗೆ 100 ಪಿಕೋಫ್ಯಾರಡ್, ಉದ್ದ 5 ಮೀಟರ್, ಸುರುಳಿಯದೇ 100 ಅಂತಿಟ್ಟುಕೊಂಡರೆ ಒಟ್ಟು 600 ಪಿಕೋಫ್ಯಾರಡ್. ಸಿಂಗಲ್ ಕಾಯಿಲ್ 2.4 ಹೆನ್ರಿ ಇದ್ದರೆ ಉಬ್ಬು ಸುಮಾರು 4.2 ಕಿಲೋಹರ್ಟ್ಸ್‌ನಲ್ಲಿ ಬರುತ್ತೆ. ಹಂಬಕರ್ 4.5 ಹೆನ್ರಿ ಇದ್ದರೆ ಸುಮಾರು 3.1 ಕಿಲೋಹರ್ಟ್ಸ್. ಸ್ಟ್ರಾಟ್ ಚುರುಕಾಗಿ, ಲೆಸ್ ಪಾಲ್ ದಪ್ಪಗೆ ಕೇಳೋದಕ್ಕೆ ಮುಖ್ಯ ಕಾರಣಗಳಲ್ಲಿ ಇದೊಂದು. ಈಗ ಅದೇ ಸಿಂಗಲ್ ಕಾಯಿಲ್‌ಗೆ 10 ಮೀಟರ್ ಕೇಬಲ್ ಹಾಕಿ ನೋಡಿ: ಉಬ್ಬು 3.1ಕ್ಕೇ ಇಳಿಯುತ್ತೆ! ಪಿಕಪ್ ಮುಟ್ಟದೆ, ಬರೀ ಕೇಬಲ್ ಬದಲಿಸಿ ಟೋನ್ ಬದಲಾಯ್ತು ನೋಡಿ.

ಗುಂಯ್ ಅನ್ನೋದು ಯಾಕೆ?

ಸುರುಳಿಗೆ ಗಿಟಾರ್ ತಂತಿ ಯಾವುದು, ಪಕ್ಕದ ಅಡಾಪ್ಟರ್ ಯಾವುದು ಅಂತ ಗೊತ್ತಾಗಲ್ಲ. ಮನೆ ಕರೆಂಟಿನ 50 ಹರ್ಟ್ಸ್ ಕಾಂತಕ್ಷೇತ್ರವನ್ನೂ ಅದು ಹಿಡಿಯುತ್ತೆ. 1952ರಲ್ಲಿ ಬಂದ ಮೊದಲ ಲೆಸ್ ಪಾಲ್‌ಗಳಲ್ಲೂ ಸಿಂಗಲ್ ಕಾಯಿಲ್‌ಗಳೇ ಇದ್ದವು. ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್‌ನಲ್ಲಿ ಎರಡು ಸುರುಳಿ. ಅವುಗಳ ವೈಂಡಿಂಗ್ ದಿಕ್ಕೂ ಅಯಸ್ಕಾಂತದ ಧ್ರುವವೂ ತಿರುವುಮುರುವು. ಹಾಗಾಗಿ ತಂತಿಯ ಸದ್ದು ಕೂಡುತ್ತೆ, ಹೊರಗಿನ ಗುಂಯ್ ಕಳೆದುಹೋಗುತ್ತೆ.

ಆದರೆ ನಮ್ಮ ಸ್ಟ್ರಾಟ್‌ನಲ್ಲಿ ಇನ್ನೊಂದು ವಿಚಿತ್ರ ಇತ್ತು. ತಂತಿ ಮುಟ್ಟಿದರೂ ಸದ್ದು ಅಷ್ಟೇನೂ ಕಡಿಮೆ ಆಗ್ತಿರಲಿಲ್ಲ, ಒಮ್ಮೊಮ್ಮೆ ಬೆರಳಿಗೆ ಚುರ್ ಅಂತಿತ್ತು. ಎಲೆಕ್ಟ್ರಿಷಿಯನ್ ಕರೆಸಿದಾಗ ಗೊತ್ತಾಯ್ತು: ನಮ್ಮ ಮೂರು ಪಿನ್ ಸಾಕೆಟ್‌ನ ಅರ್ಥ್ ಪಿನ್‌ಗೆ ವೈರೇ ಇರಲಿಲ್ಲ. ಗಿಟಾರ್‌ನ ತಂತಿಗಳು ಬ್ರಿಜ್ ಮೂಲಕ ಆಂಪ್‌ನ ಲೋಹದ ಚಾಸಿಗೆ ಸೇರಿರುತ್ತವೆ. ಆಂಪ್‌ಗೆ ಅರ್ಥ್ ಇಲ್ಲದೆ, ಒಳಗೆ ಏನಾದರೂ ಕೆಟ್ಟರೆ, ಕರೆಂಟ್ ಸೀದಾ ನುಡಿಸುವವನ ಕೈಗೆ. ಇನ್ನೊಂದು ಕೈ ಮೈಕ್ ಮೇಲಿದ್ದರೆ ಕಥೆ ಮುಗೀತು. ಟೋನ್ ಹುಡುಕಲು ಹೋದ ನಮಗೆ ಸಿಕ್ಕಿದ್ದು ಇದು. ದಯವಿಟ್ಟು ಅರ್ಥ್ ಪಿನ್ ಮುರಿದು, ಎರಡು ಪಿನ್ ಅಡಾಪ್ಟರ್ ಹಾಕಿ ನುಡಿಸಬೇಡಿ. ಸಾಕೆಟ್ ಅನ್ನು ನೀವೇ ಬಿಚ್ಚಲೂ ಬೇಡಿ. ವಾಲ್ವ್ ಆಂಪ್ ಆದರೆ ಸ್ವಿಚ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.

ಯಾವುದು ಮೊದಲು, ಯಾವುದು ಕೊನೆಗೆ?

1. ಹೊಸ ತಂತಿ. ತುಕ್ಕು ಹಿಡಿದ ತಂತಿ ಇಟ್ಕೊಂಡು ಪಿಕಪ್ ಹೋಲಿಸೋದು ಅರ್ಥವಿಲ್ಲದ ಕೆಲಸ.

2. ಪಿಕಪ್ ಎತ್ತರ. ಕೊನೆಯ ಫ್ರೆಟ್ ಒತ್ತಿ ಹಿಡಿದು ಅಳೆಯಿರಿ. ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ 2.4, ಸಣ್ಣ ತಂತಿಯ ಕಡೆ 2 ಮಿ.ಮೀ. ಅಂತರದಿಂದ ಶುರುಮಾಡಿ. ಸದ್ದು ಜೋರಾಗಲಿ ಅಂತ ನಾವು ತೀರಾ ಹತ್ತಿರ ತಂದಿದ್ದೆವು. ಅಯಸ್ಕಾಂತ ತಂತಿಯನ್ನು ಎಳೆದು ಶ್ರುತಿಯೇ ಅಲುಗಾಡಿತು.

3. ತಾಮ್ರದ ಟೇಪ್. ಎಸ್.ಪಿ. ರೋಡ್‌ನಿಂದ ತಂದು ಒಳಗಿನ ಕುಳಿಗೆಲ್ಲ ಅಂಟಿಸಿ, ತುಂಡುಗಳನ್ನು ಬೆಸೆದು, ಗ್ರೌಂಡ್‌ಗೆ ಸೇರಿಸಿದೆವು. ಮುಚ್ಚಳ ಹಾಕಿದರೆ ಸದ್ದೇ ಇಲ್ಲ! ಜ್ಯಾಕ್‌ನ ಸಿಗ್ನಲ್ ತುದಿ ಟೇಪಿಗೆ ತಾಗಿತ್ತು. ಅಲ್ಲಿ ಇನ್ಸುಲೇಷನ್ ಟೇಪ್ ಹಾಕಿದ ಮೇಲೆ ಸರಿಹೋಯ್ತು. ನೆನಪಿಡಿ, ಇದು ವಿದ್ಯುತ್ ಕ್ಷೇತ್ರದಿಂದ ಬರುವ ಚರಚರ ತಡೆಯುತ್ತೆ, ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನಲ್ಲ. ಅದಕ್ಕೆ ದೂರ ಕೂರೋದೇ ಮದ್ದು.

4. ಪಾಟ್ ಮತ್ತು ಕೆಪಾಸಿಟರ್. ವಾಡಿಕೆಯಂತೆ ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500. ಓಮ್ ಹೆಚ್ಚಾದಷ್ಟೂ ಆ ಉಬ್ಬು ಚೂಪಾಗುತ್ತೆ. ಟೋನ್ ಪೂರ್ತಿ ಇಳಿಸಿದಾಗ ತೀರಾ ಮಂಕು ಅನ್ನಿಸಿದರೆ 0.047 ಮೈಕ್ರೋಫ್ಯಾರಡ್ ಬದಲು 0.022 ಹಾಕಿ.

5. ಇಷ್ಟಾದ ಮೇಲೂ ಮನಸ್ಸು ಒಪ್ಪದಿದ್ದರೆ ಹೊಸ ಪಿಕಪ್.

ಮರದ ವಿಷಯ? ಫ್ರೆಟ್‌ಬೋರ್ಡ್‌ಗೆ ಜಗತ್ತೇ ಬಳಸುವ ಇಂಡಿಯನ್ ರೋಸ್‌ವುಡ್ ಅಂದರೆ ನಮ್ಮ ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಬೀಟೆ. 2017ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕಾಯ್ತು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬೆರಳಿಗೆ ಅದರ ಸುಖವೇ ಬೇರೆ, ನಿಜ. ಆದರೆ ಟೋನ್ ಸರಿಯಿಲ್ಲ ಅಂತ ಮರವನ್ನು ಬೈಯುವ ಮುಂಚೆ ಮೇಲಿನ ನಾಲ್ಕು ಕೆಲಸ ಮುಗಿಸಿ.

ಹೋಲಿಸೋದು ಹೇಗೆ?

ನಮ್ಮ ಕಿವಿ ಜೋರಾದದ್ದನ್ನೇ ಚೆನ್ನಾಗಿದೆ ಅನ್ನುತ್ತೆ. ಅದಕ್ಕೇ ಒಂದೇ ತುಣುಕನ್ನು ಬದಲಾವಣೆಗೆ ಮುಂಚೆ ಮತ್ತು ಆಮೇಲೆ ರೆಕಾರ್ಡ್ ಮಾಡಿ, ವಾಲ್ಯೂಮ್ ಸರಿಸಮ ಮಾಡಿ, ಯಾವುದು ಯಾವುದು ಅಂತ ಹೇಳದೆ ಗೆಳೆಯರಿಗೆ ಕೇಳಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಲ್ಯಾಬ್‌ನಲ್ಲಿ ಮಾಡ್ತೀವಲ್ಲ, ಹಾಗೇ.

ಕೊನೆಗೆ ಏನಾಯ್ತು? ಗುಂಯ್ ಪೂರ್ತಿ ಹೋಗಲಿಲ್ಲ. ಸಿಂಗಲ್ ಕಾಯಿಲ್ ಇರುವವರೆಗೆ ಸ್ವಲ್ಪ ಇದ್ದೇ ಇರುತ್ತೆ. ಆದರೆ ನುಡಿಸುವಾಗ ಕೇಳಿಸೋದಿಲ್ಲ, ಬೆರಳಿಗೆ ಚುರ್ ಅನ್ನೋದೂ ಇಲ್ಲ. ಓನರ್ ಅಂಕಲ್ ಮಹಡಿಯ ಎಲ್ಲ ರೂಮಿಗೂ ಅರ್ಥ್ ಹಾಕಿಸಿದರು. ರೂಮ್‌ಮೇಟ್ ಪರೀಕ್ಷಾ ಶುಲ್ಕ ಕಟ್ಟಿದ. ನಿಮ್ಮ ಗಿಟಾರೂ ಗುಂಯ್ ಅಂತಿದ್ದರೆ ಕ್ಲಬ್ಬಿಗೆ ತನ್ನಿ. ಮಲ್ಟಿಮೀಟರ್, ಸೋಲ್ಡರಿಂಗ್ ಐರನ್ ನಮ್ಮ ಹತ್ರ ಇದೆ. ಬರೋ ಮುಂಚೆ ನಿಮ್ಮ ರೂಮಿನ ಸಾಕೆಟ್ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ.