ವಯರ್‌ಲೆಸ್ ಮಾತು: ಒಂದು ಪದಕ್ಕೆ ಒಂದೇ ಅರ್ಥ



ನಾವು ಏನಾದರೂ ಹೇಳುವಾಗ ಎದುರಿನವರು ‘ಹೂಂ’ ಅನ್ನುತ್ತಾರೆ. ಈ ಹೂಂಗೆ ಅರ್ಥ ಏನು? ‘ಕೇಳಿಸಿತು’ ಅಂತ ಇರಬಹುದು. ‘ಒಪ್ಪಿದೆ’ ಅಂತ ಇರಬಹುದು. ‘ಆಯ್ತು, ಮಾಡ್ತೇನೆ’ ಅಂತಲೂ ಇರಬಹುದು. ಮುಖ ನೋಡಿದರೆ ನಮಗೆ ತಿಳಿಯುತ್ತದೆ. ಮುಖ ಕಾಣದಿದ್ದರೆ?

ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡಲ ಕರೆಯವರಿಗೆ ವಯರ್‌ಲೆಸ್ ಸೆಟ್ ಹೊಸದಲ್ಲ. ಆಳ ಕಡಲಿಗೆ ಹೋದಾಗ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಆಗ ವಯರ್‌ಲೆಸ್ಸೇ ಗತಿ. ಆದರೆ ಇದು ಫೋನಿನ ಹಾಗಲ್ಲ. ಗುಂಡಿ ಒತ್ತಿದಾಗ ಮಾತಾಡಬಹುದು, ಆದರೆ ಕೇಳಿಸುವುದಿಲ್ಲ. ಗುಂಡಿ ಬಿಟ್ಟರೆ ಕೇಳಿಸುತ್ತದೆ. ಇಬ್ಬರೂ ಒಟ್ಟಿಗೆ ಒತ್ತಿದರೆ ಯಾರ ಮಾತೂ ಸರಿಯಾಗಿ ಮುಟ್ಟುವುದಿಲ್ಲ. ಗಾಳಿಯ ಸದ್ದು, ಇಂಜಿನಿನ ಸದ್ದು ಬೇರೆ. ಅದಕ್ಕೇ ವಯರ್‌ಲೆಸ್ಸಿಗೆ ಕೆಲವು ಪದಗಳನ್ನು ಗೊತ್ತು ಮಾಡಿದ್ದಾರೆ. ಒಂದು ಪದಕ್ಕೆ ಒಂದೇ ಅರ್ಥ.

ಈ ಪದಗಳನ್ನು ಓದಿ

ಓವರ್: ನನ್ನ ಮಾತು ಮುಗಿಯಿತು. ಈಗ ನೀವು ಹೇಳಿ.

ಔಟ್: ಮಾತುಕತೆ ಮುಗಿಯಿತು. ಉತ್ತರ ಬೇಡ.

ರೋಜರ್: ನೀವು ಹೇಳಿದ್ದು ಪೂರ್ತಿ ಕೇಳಿಸಿತು.

ವಿಲ್ಕೋ: ಕೇಳಿಸಿತು, ಹಾಗೇ ಮಾಡುತ್ತೇನೆ.

ಅಫರ್ಮೇಟಿವ್: ಹೌದು.

ನೆಗೆಟಿವ್: ಅಲ್ಲ, ಇಲ್ಲ.

ಸೇ ಅಗೇನ್: ಇನ್ನೊಮ್ಮೆ ಹೇಳಿ.

ಸ್ಟ್ಯಾಂಡ್ ಬೈ: ಸ್ವಲ್ಪ ಕಾಯಿರಿ.

ಸಿನಿಮಾದಲ್ಲಿ ‘ಓವರ್ ಅಂಡ್ ಔಟ್’ ಅನ್ನುವುದನ್ನು ಕೇಳಿರಬಹುದು. ಅದು ತಪ್ಪು. ‘ಉತ್ತರ ಹೇಳಿ’ ಮತ್ತು ‘ಉತ್ತರ ಬೇಡ’ ಎರಡನ್ನೂ ಒಟ್ಟಿಗೆ ಹೇಳಿದ ಹಾಗಾಯಿತು!

ರೋಜರ್ ಪದವನ್ನು ಚೆನ್ನಾಗಿ ನೆನಪಿಡಿ. ಅದು ‘ಹೌದು’ ಅಲ್ಲ, ‘ಒಪ್ಪಿದೆ’ಯೂ ಅಲ್ಲ. ‘ಕೇಳಿಸಿತು’ ಅಷ್ಟೇ. ಇಂಗ್ಲಿಷಿನಲ್ಲಿ ‘ಸಿಕ್ಕಿತು’ ಅನ್ನುವ ಪದ ‘ಆರ್’ ಅಕ್ಷರದಿಂದ ಶುರುವಾಗುತ್ತದೆ. ಹಿಂದೆ ವಯರ್‌ಲೆಸ್ಸಿನಲ್ಲಿ ‘ಆರ್’ ಅಕ್ಷರವನ್ನು ಬಿಡಿಸಿ ಹೇಳಲು ‘ರೋಜರ್’ ಎನ್ನುತ್ತಿದ್ದರು. ಈಗ ಆ ಅಕ್ಷರಕ್ಕೆ ‘ರೋಮಿಯೋ’ ಎನ್ನುತ್ತಾರೆ. ಆದರೂ ‘ಕೇಳಿಸಿತು’ ಅನ್ನುವುದಕ್ಕೆ ರೋಜರ್ ಪದವೇ ಉಳಿಯಿತು.

ಒಂದು ಮಾತಿಗೆ ಎರಡು ಅರ್ಥವಾದಾಗ

1977ರ ಮಾರ್ಚ್ 27. ಸ್ಪೇನ್ ದೇಶಕ್ಕೆ ಸೇರಿದ ಟೆನೆರಿಫ್ ದ್ವೀಪ. ವಿಮಾನ ನಿಲ್ದಾಣದ ತುಂಬ ದಟ್ಟ ಮಂಜು. ಓಡುದಾರಿಯಲ್ಲಿ ಎರಡು ದೊಡ್ಡ ಜಂಬೋ ವಿಮಾನಗಳು. ಒಂದಕ್ಕೆ ಇನ್ನೊಂದು ಕಾಣುತ್ತಿರಲಿಲ್ಲ. ಒಂದು ವಿಮಾನ ಅಪ್ಪಣೆ ಸಿಗುವ ಮೊದಲೇ ಹಾರಲು ಓಡತೊಡಗಿತು. ಅದರಿಂದ ‘ನಾವೀಗ ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಬಂತು. ವಿಮಾನ ಹಾರಲು ಸಿದ್ಧವಾಗಿ ನಿಂತಿದೆ ಅಂತ ಕೆಳಗಿನ ಅಧಿಕಾರಿ ತಿಳಿದುಕೊಂಡರು. ‘ಓಕೆ’ ಅಂದರು. ‘ಕಾಯಿರಿ, ನಾನು ಕರೆಯುತ್ತೇನೆ’ ಎಂದೂ ಹೇಳಿದರು. ಅದೇ ಹೊತ್ತಿಗೆ ಇನ್ನೊಂದು ವಿಮಾನದವರು ‘ನಾವಿನ್ನೂ ಓಡುದಾರಿಯಲ್ಲೇ ಇದ್ದೇವೆ’ ಅಂದರು. ಎರಡು ಮಾತು ಒಟ್ಟಿಗೆ ಬಂದು, ಓಡುತ್ತಿದ್ದ ವಿಮಾನದಲ್ಲಿ ಬರೀ ಕೀರಲು ಸದ್ದು ಕೇಳಿಸಿತು. ‘ಓಕೆ’ ಮಾತ್ರ ಸ್ಪಷ್ಟವಾಗಿ ಮುಟ್ಟಿತ್ತು. ಎರಡು ವಿಮಾನ ಡಿಕ್ಕಿಯಾಗಿ 583 ಜನ ಸತ್ತರು.

ಆಮೇಲೆ ನಿಯಮ ಬಿಗಿಯಾಯಿತು. ಹಾರಲು ಅಪ್ಪಣೆ ಕೊಡುವಾಗ ಅಥವಾ ಕೊಟ್ಟ ಅಪ್ಪಣೆಯನ್ನು ವಾಪಸ್ ಪಡೆಯುವಾಗ ಮಾತ್ರ ‘ಟೇಕಾಫ್’ ಪದ ಹೇಳಬೇಕು. ಮುಖ್ಯವಾದ ಅಪ್ಪಣೆಗಳಿಗೆ ಬರೀ ‘ಓಕೆ’, ‘ರೋಜರ್’ ಅಂದರೆ ಸಾಲದು. ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕು.

ಪ್ರಾಣಕ್ಕೆ ಬಂದಾಗ: ಮೇಡೇ

ದೋಣಿ ಮುಳುಗುತ್ತಿದೆ, ಬೆಂಕಿ ಹತ್ತಿದೆ, ಪ್ರಾಣಕ್ಕೆ ಅಪಾಯ ಬಂದಿದೆ. ಆಗ ‘ಮೇಡೇ’ ಅಂತ ಮೂರು ಸಲ ಹೇಳಬೇಕು. ‘ನನಗೆ ಸಹಾಯ ಮಾಡಿ’ ಅನ್ನುವ ಫ್ರೆಂಚ್ ಮಾತನ್ನು ಹೋಲುವ ಪದ ಇದು. 1920ರ ದಶಕದ ಆರಂಭದಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೋ ಅಧಿಕಾರಿ ಮಾಕ್‌ಫೋರ್ಡ್ ಇದನ್ನು ಹುಡುಕಿದರು. 1927ರಲ್ಲಿ ಬೇರೆ ಬೇರೆ ದೇಶಗಳು ಸೇರಿ ಒಪ್ಪಿಕೊಂಡವು.

ಸಹಾಯ ಬೇಕು, ಆದರೆ ಪ್ರಾಣಕ್ಕೆ ತಕ್ಷಣದ ಅಪಾಯ ಇಲ್ಲ. ಇಂಜಿನ್ ಕೆಟ್ಟು ನಿಂತಿದೆ ಅಂತ ಇಟ್ಟುಕೊಳ್ಳಿ. ಆಗ ‘ಪ್ಯಾನ್ ಪ್ಯಾನ್’ ಅಂತ ಮೂರು ಸಲ ಹೇಳಬೇಕು.

ಕಡಲಿನಲ್ಲಿ ಕರೆಯಲು ವಿಎಚ್‌ಎಫ್ ಸೆಟ್ಟಿನ 16ನೇ ಚಾನೆಲ್. ಫೋನ್ ಮಾಡಿದರೆ ಒಬ್ಬರಿಗೇ ಕೇಳುತ್ತದೆ. 16ರಲ್ಲಿ ಕೂಗಿದರೆ ಆ ಚಾನೆಲ್ ಇಟ್ಟುಕೊಂಡಿರುವ ಹತ್ತಿರದ ದೋಣಿ, ಹಡಗು ಎಲ್ಲರಿಗೂ ಕೇಳುತ್ತದೆ. ಹೀಗೆ ಹೇಳಬೇಕು:

“ಮೇಡೇ, ಮೇಡೇ, ಮೇಡೇ. ಇದು ಕಡಲಮ್ಮ, ಕಡಲಮ್ಮ, ಕಡಲಮ್ಮ. ಮೇಡೇ ಕಡಲಮ್ಮ. ಕುಂಬಳೆಯಿಂದ ಪಡುವಣಕ್ಕೆ 10 ನಾಟಿಕಲ್ ಮೈಲಿ. ದೋಣಿಗೆ ನೀರು ನುಗ್ಗಿದೆ, ಮುಳುಗುತ್ತಿದೆ. ಕೂಡಲೇ ಸಹಾಯ ಬೇಕು. ದೋಣಿಯಲ್ಲಿ 6 ಜನ. ಓವರ್.”

ಯಾರು, ಎಲ್ಲಿ, ಏನಾಯಿತು, ಏನು ಬೇಕು, ಎಷ್ಟು ಜನ. ಇಷ್ಟೂ ಬಂತು ನೋಡಿ. ಜಿಪಿಎಸ್ ಇದ್ದರೆ ಅದರ ಅಂಕಿಗಳನ್ನೂ ಹೇಳಿ. ಅಂಕಿಗಳನ್ನು ಬಿಡಿಬಿಡಿಯಾಗಿ ಓದಿ. ಗಾಳಿಯಲ್ಲಿ ‘ಇಪ್ಪತ್ತು’ ‘ಎಪ್ಪತ್ತು’ ಒಂದೇ ಥರ ಕೇಳಿಸುತ್ತದೆ. ‘ಎರಡು, ಸೊನ್ನೆ’ ‘ಏಳು, ಸೊನ್ನೆ’ ಅಂದರೆ ತಪ್ಪಾಗುವುದಿಲ್ಲ.

ಮೇಡೇ ಪದವನ್ನು ತಮಾಷೆಗೆ ಹೇಳಬಾರದು. ಸುಳ್ಳು ಕರೆಗೆ ಓಡಿದ ಹಡಗು ನಿಜವಾಗಿ ಮುಳುಗುವವರ ಹತ್ತಿರ ಇರುವುದಿಲ್ಲ.

ಈ ಪದಗಳು ತಂಡೇಲರಿಗೆ ಮಾತ್ರ ಗೊತ್ತಿದ್ದರೆ ಸಾಲದು. ತಂಡೇಲರೇ ನೀರಿಗೆ ಬಿದ್ದರೆ ಸೆಟ್ ಹಿಡಿಯುವವರು ಯಾರು? ಈಗ ನಿಮಗೆ ಓದಲು, ಬರೆಯಲು ಬರುತ್ತದೆ. ಒಂದು ರಟ್ಟಿನ ಮೇಲೆ ದೋಣಿಯ ಹೆಸರು, ನೋಂದಣಿ ನಂಬರು, ಮೇಲಿನ ಮೇಡೇ ಮಾತು ಇವನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಪ್ಲಾಸ್ಟಿಕ್ ಸುತ್ತಿ ಸೆಟ್ಟಿನ ಪಕ್ಕ ತೂಗುಹಾಕಿ. ಮನೆಯಲ್ಲಿರುವವರು ಕರಾವಳಿ ರಕ್ಷಣಾ ಪಡೆಯ 1554 ನಂಬರನ್ನು ಗೋಡೆಯ ಮೇಲೆ ಬರೆದಿಡಿ. ದೋಣಿ ಹೊತ್ತಿಗೆ ಬರದಿದ್ದರೆ ಆ ನಂಬರಿಗೆ ಫೋನ್ ಮಾಡಬಹುದು.

ಅಭ್ಯಾಸ

1. ರೋಜರ್, ವಿಲ್ಕೋ: ಈ ಎರಡಕ್ಕೂ ವ್ಯತ್ಯಾಸ ಏನು?

2. ಬಿಟ್ಟ ಸ್ಥಳ ತುಂಬಿರಿ: ಪ್ರಾಣಕ್ಕೆ ಅಪಾಯ ಬಂದಾಗ ______ ಎಂದು ______ ಸಲ ಹೇಳಬೇಕು.

3. ನಿಮ್ಮ ಫೋನ್ ನಂಬರನ್ನು ಒಂದೊಂದೇ ಅಂಕಿಯಾಗಿ ಗಟ್ಟಿಯಾಗಿ ಓದಿ.

4. ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಮುಖ ನೋಡದೆ, ‘ಹೂಂ’ ಅನ್ನದೆ, ಈ ಪಾಠದ ಪದಗಳನ್ನು ಬಳಸಿ ಮಾತಾಡಿ.